ಬೈತಲೆಯ ಐದನೇ ಹಗ್ಗ

ಭಾನುವಾರ, ಏಪ್ರಿಲ್ ೧೪
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅತ್ತೆಗೆ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀವು ನಂಬುವುದಿಲ್ಲ. ನೀವು ಹೇಗಿದ್ದೀರಿ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ. ಹಾಗಾಗಿ ಕ್ಷೇಮಸಮಾಚಾರ ಎರಡೂ ಕಡೆಯಿಂದ ಆಯಿತು ಎಂದುಕೊಂಡು ಮುಂದಕ್ಕೆ ಹೋಗುತ್ತೇನೆ.

ಐದು ವಾರದಿಂದ ನೀವು ಫೋನ್ ಎತ್ತಿಲ್ಲ. ಎರಡು ಸಲ ಮನೆಯವರೆಗೂ ಬಂದೆ. ಮೊದಲ ಸಲ ಬಾಗಿಲು ತಟ್ಟಿದೆ. ಒಳಗೆ ರೇಡಿಯೋ ನಿಂತಿತು, ಆಮೇಲೆ ಏನೂ ಆಗಲಿಲ್ಲ. ಎರಡನೇ ಸಲ ತಟ್ಟುವ ಧೈರ್ಯವೇ ಬರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೆ. ಎದುರು ಮನೆಗೆ ಹೊಸದಾಗಿ ಬಂದವರು ಯಾರು ಬೇಕಿತ್ತು ಎಂದು ಕೇಳಿದರು. ಒಂಬತ್ತು ವರ್ಷ ಆ ಮೆಟ್ಟಿಲು ಹತ್ತಿ ಇಳಿದವಳಿಗೆ ಯಾರು ಬೇಕು ಎಂದು ಹೇಳಲು ಬಾಯಿ ಬರಲಿಲ್ಲ, ಎದ್ದು ಬಂದುಬಿಟ್ಟೆ. ಕಾಗದವಾದರೆ ಬಾಗಿಲ ಸಂದಿಯಲ್ಲಿ ತೂರಿ ಒಳಗೆ ಬರುತ್ತದೆ. ನೀವು ತಕ್ಷಣ ಓದದಿದ್ದರೂ ಎತ್ತಿ ಮೇಜಿನ ಮೇಲೆ ಇಡುತ್ತೀರಿ. ನೆಲದ ಮೇಲೆ ಬಿದ್ದಿರುವುದನ್ನು ನೋಡಿಕೊಂಡು ಸುಮ್ಮನಿರುವ ಸ್ವಭಾವ ನಿಮ್ಮದಲ್ಲ.

ಬೈತಲೆ ಬಂಡೆಯಲ್ಲಿ ಐದನೇ ಹಗ್ಗ ಹತ್ತಿ ಮುಗಿದ ಮೇಲೆ, ಆ ಮಂಚದಷ್ಟಗಲದ ಕಲ್ಲಿನ ಕಟ್ಟೆಯಲ್ಲಿ ಕೂತು, ನೀವು ನನ್ನನ್ನು ಒಂದು ಮಾತು ಕೇಳಿದಿರಿ. ನಾನು ‘ಇಲ್ಲ’ ಅಂದೆ. ಎಷ್ಟು ಬೇಗ ಅಂದೆನೆಂದರೆ ನಿಮ್ಮ ಮಾತಿನ ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿತ್ತು. ಅಷ್ಟು ಬೇಗ ಬಂದ ‘ಇಲ್ಲ’ವನ್ನು ನೀವು ನಂಬಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಅದಕ್ಕೇ ಈ ಕಾಗದ.

ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ. ನಿಮಗೆ ಗೊತ್ತಿರುವುದು ನೀವು ನಿಂತ ಜಾಗದಿಂದ ಕಂಡದ್ದು. ನನ್ನ ಕಡೆಯಿಂದ ಕಂಡದ್ದನ್ನು ನಾನು ಯಾರಿಗೂ ಹೇಳಿಲ್ಲ.

ಸೈಕಲ್ಲಿನಿಂದ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡು ನಿಮ್ಮ ಆಸ್ಪತ್ರೆಗೆ ಬಂದಾಗ ನನಗೆ ಇಪ್ಪತ್ತಾರು. ನೆಲಮಾಳಿಗೆಯಲ್ಲಿ ನಿಮ್ಮ ಪ್ಲಾಸ್ಟರ್ ಕೋಣೆ. ಮೇಜು, ಬಕೆಟ್ಟು, ನಿಮ್ಮ ಚಪ್ಪಲಿ, ಹುಬ್ಬು, ಎಲ್ಲದರ ಮೇಲೂ ಬಿಳಿಯ ಪುಡಿ. ಡಾಕ್ಟರುಗಳೂ ನಿಮ್ಮನ್ನು ‘ಪ್ಲಾಸ್ಟರಮ್ಮ’ ಎಂದೇ ಕೂಗುತ್ತಿದ್ದರು. ನೀರಲ್ಲಿ ಅದ್ದಿದ ಪಟ್ಟಿಯನ್ನು ಸುತ್ತುತ್ತಾ ನೀವು ನನ್ನ ಬೆರಳುಗಳನ್ನು ಒಂದೊಂದಾಗಿ ನೋಡಿದಿರಿ. ಏನು ಕೆಲಸ ಎಂದು ಕೇಳಿದಿರಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ ಅಂದೆ. ‘ಇಂಥ ಬೆರಳನ್ನ ಗಾಜಿಗೆ ಹಾಕಿ ದಂಡ ಮಾಡಿದೀಯಲ್ಲೇ’ ಅಂದಿರಿ. ಆರು ವಾರದ ಮೇಲೆ ಪ್ಲಾಸ್ಟರು ಕತ್ತರಿಸಿದಾಗ ಕೈ ಬಾಡಿದ ಸೌತೆಕಾಯಿಯ ಹಾಗಿತ್ತು. ‘ಭಾನುವಾರ ಬಾ. ಇದಕ್ಕೆ ಕೆಲಸ ಕೊಡ್ತೀನಿ’ ಅಂದಿರಿ. ಭೌತಚಿಕಿತ್ಸೆಯ ಕೋಣೆಗೆ ಕರೆಯುತ್ತಿದ್ದೀರಿ ಎಂದುಕೊಂಡು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದೆ. ನೀವು ಬಸ್ಸು ಹತ್ತಿಸಿ ಊರ ಹೊರಗಿನ ಬಂಡೆಗೆ ಕರೆದುಕೊಂಡು ಹೋದಿರಿ.

ಗ್ರಾನೈಟ್ ಬಂಡೆಯನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಬೂದು ಬಣ್ಣದ ಒಳಗೆ ಕಪ್ಪು, ಬಿಳಿ, ಅಲ್ಲಲ್ಲಿ ಮೀನಿನ ಪೊರೆಯ ಹಾಗೆ ಮಿನುಗುವ ಚೂರು. ನಡುವೆ ಒಂದು ಬಿರುಕು. ನೀವು ನನ್ನ ಕೈಯನ್ನು ಅದರೊಳಗೆ ತೂರಿಸಿ, ಹೆಬ್ಬೆರಳನ್ನು ಅಂಗೈ ಒಳಕ್ಕೆ ಮಡಚಲು ಹೇಳಿದಿರಿ. ಮಡಚಿದೆ. ಕೈ ಉಬ್ಬಿ ಕಲ್ಲಿನ ಎರಡು ಗೋಡೆಗೂ ಒತ್ತಿಕೊಂಡಿತು. ಈಗ ಜೋತು ಬೀಳು ಅಂದಿರಿ. ಜೋತು ಬಿದ್ದೆ. ಬಂಡೆ ಬಿಡಲಿಲ್ಲ. ನನ್ನನ್ನು ಅಷ್ಟು ಗಟ್ಟಿಯಾಗಿ ಯಾರೂ ಹಿಡಿದಿರಲಿಲ್ಲ, ಅತ್ತೆ.

ಆ ದಿನವೇ ಎಲ್ಲವನ್ನೂ ಹೇಳಿಕೊಟ್ಟಿರಿ. ಒಬ್ಬಳು ಹತ್ತುತ್ತಾಳೆ, ಇನ್ನೊಬ್ಬಳು ಕೆಳಗೆ ಹಗ್ಗ ಹಿಡಿದು ಕಾಯುತ್ತಾಳೆ. ಹತ್ತುವವಳು ದಾರಿಯುದ್ದಕ್ಕೂ ಬಿರುಕಿನಲ್ಲಿ ಕ್ಯಾಮ್ ಸಿಕ್ಕಿಸಿ, ಅದರ ಕೊಂಡಿಯಲ್ಲಿ ಹಗ್ಗ ದಾಟಿಸುತ್ತಾಳೆ. ಸ್ಪ್ರಿಂಗು ಬಿಟ್ಟಾಗ ಅರಳಿ ಕಲ್ಲನ್ನು ಕಚ್ಚಿಕೊಳ್ಳುವ ಆ ಪುಟ್ಟ ಉಪಕರಣವೇ ಬಿದ್ದರೆ ತಡೆಯುವುದು. ಹಗ್ಗ ಮುಗಿಯುವಷ್ಟರಲ್ಲಿ ನಿಲ್ಲಲು ಜಾಗ ಹುಡುಕಿ ತನ್ನನ್ನು ಬಂಡೆಗೆ ಕಟ್ಟಿಕೊಂಡು ಕೆಳಗಿನವಳನ್ನು ಬರಮಾಡಿಕೊಳ್ಳುತ್ತಾಳೆ. ಅದು ಒಂದು ಹಗ್ಗ. ಹಿಂದೆ ಬರುವವಳು ಸಿಕ್ಕಿಸಿದ್ದನ್ನೆಲ್ಲ ಬಿಡಿಸಿಕೊಂಡು ಬರುತ್ತಾಳೆ. ‘ಕೆಲವರು ತೂತು ಕೊರೆದು ಮೊಳೆ ಹೊಡೀತಾರೆ. ನಾವು ಆ ಪೈಕಿ ಅಲ್ಲ. ನಾವು ಬಂದು ಹೋಗಿದ್ದು ಬಂಡೆಗೂ ಗೊತ್ತಾಗ್ಬಾರ್ದು’ ಅಂದಿರಿ.

ಸಂಜೆ ನಮ್ಮನ್ನು ಕರೆದೊಯ್ಯಲು ಬಂದವನು ನಿಮ್ಮ ಮಗ. ಫ್ರಿಜ್ ರಿಪೇರಿಯ ವ್ಯಾನು; ಹಿಂದೆ ಎರಡು ಹಳೆಯ ಕಂಪ್ರೆಸರು ಉರುಳಾಡುತ್ತಿದ್ದವು. ನನ್ನ ತರಚಿದ ಕೈ ನೋಡಿ ‘ಅಮ್ಮ ನಿಮ್ಮನ್ನೂ ಹಾಳು ಮಾಡಿದ್ಲಾ?’ ಎಂದು ನಕ್ಕ. ಎತ್ತರವೆಂದರೆ ತನಗಾಗದು, ಸ್ಟೂಲಿನ ಮೇಲೆ ನಿಂತರೂ ಕಣ್ಣಿಗೆ ಕತ್ತಲೆ ಬರುತ್ತದೆ ಎಂದು ತಾನೇ ಹೇಳಿಕೊಂಡ. ಅವನ ನಗು ನನಗೆ ಇಷ್ಟವಾಯಿತು. ಕೆಟ್ಟ ಫ್ರಿಜ್ಜಿಗೆ ಕಿವಿಯಿಟ್ಟು, ಮಗುವಿನ ಎದೆಗೆ ಕಿವಿಯಿಟ್ಟವನ ಹಾಗೆ ಕಣ್ಣು ಮುಚ್ಚಿ ಕೇಳುವುದು ಇಷ್ಟವಾಯಿತು. ಇವೆಲ್ಲ ಸುಳ್ಳಲ್ಲ. ಆದರೂ ಮರುವರ್ಷ ಅವನು ಮದುವೆಯ ಮಾತೆತ್ತಿದಾಗ, ‘ಹೂಂ’ ಅನ್ನುವ ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಭಾನುವಾರಗಳು. ಸಾಲಾಗಿ ಭಾನುವಾರಗಳು, ಒಂದೊಂದರಲ್ಲೂ ಒಂದು ಬಂಡೆ, ಹಗ್ಗದ ಆ ತುದಿಯಲ್ಲಿ ನೀವು. ಆ ಸಾಲಿನಲ್ಲಿ ಅವನ ಮುಖ ಇತ್ತೇ ಎಂದು ಎಷ್ಟೋ ಸಲ ನೆನಪು ಕೆದಕಿದ್ದೇನೆ. ವ್ಯಾನು ಇತ್ತು.

ಎಂಟು ವರ್ಷ ಹಾಗೇ ನಡೆಯಿತು. ವಾರದಲ್ಲಿ ಆರು ದಿನ ನಾನು ಉಜ್ಜುವ ಚಕ್ರದ ಮುಂದೆ ಕೂತು, ಅದರ ಒಂದೇ ಸಮನೆಯ ಗುಂಯ್‌ಗುಡುವಿಕೆಯಲ್ಲಿ, ಕಣ್ಣು ತೆರೆದೇ ಕನಸು ಕಾಣುತ್ತಿದ್ದೆ. ಕನಸಲ್ಲಿ ಬಂಡೆ ನುಣ್ಣಗೆ ಬೆಚ್ಚಗೆ ಇರುತ್ತಿತ್ತು, ಮಲಗಿದ ಯಾವುದೋ ದೊಡ್ಡ ಪ್ರಾಣಿಯ ಮೈಯ ಹಾಗೆ. ಮನೆಗೆ ಬಂದರೆ ಅವನು ಏನಾದರೂ ಹೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ. ಜಗಳ ಎಂದು ಹೇಳಿಕೊಳ್ಳಲೂ ಏನೂ ಇರಲಿಲ್ಲ. ಕಳೆದ ನವೆಂಬರಿನಲ್ಲಿ ಒಂದು ದಿನ ಪಾತ್ರೆ ಒರೆಸುತ್ತಾ ಅವನು ಬಹಳ ಮೆತ್ತಗೆ ಹೇಳಿದ, ‘ನೀನು ಮದುವೆ ಆಗಿದ್ದು ಅಮ್ಮನ್ನ ಕಣೆ. ನಾನು ಡ್ರೈವರ್ರು.’ ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವನು ಅಳುತ್ತಿದ್ದಾನೆ ಎಂದು ಗೊತ್ತಾಯಿತು. ಬೇರೆಯಾಗುವುದು ಎಂದು ನಿರ್ಧಾರವಾದದ್ದು ಅದೇ ವಾರ. ಯಾರೂ ದನಿ ಎತ್ತಲಿಲ್ಲ, ಬಾಗಿಲು ಧಡಾರನೆ ಮುಚ್ಚಲಿಲ್ಲ.

ನಿಮಗೆ ಆಗಲೇ ಹೇಳಬೇಕಿತ್ತು. ಆದರೆ ನಿಮ್ಮ ಬೆರಳ ಗಂಟುಗಳು ಆ ಚಳಿಗಾಲದಲ್ಲಿ ಊದಿಕೊಂಡಿದ್ದವು. ಕ್ಯಾಮಿನ ಸ್ಪ್ರಿಂಗು ಎಳೆಯಲು ಎರಡೂ ಕೈ ಬೇಕಾಗುತ್ತಿತ್ತು. ‘ಈ ಬೇಸಗೆ ಒಂದೇ. ಬೈತಲೆ ಹತ್ತಬೇಕು ಅಂದ್ರೆ ಈಗ್ಲೇ. ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ’ ಎಂದು ನೀವು ಫೋನಿನಲ್ಲಿ ಹೇಳಿದಾಗ ನಾನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದೆ. ಹತ್ತಿ ಇಳಿದ ಮೇಲೆ ನಿಮಗೆ ಹೇಳೋಣ ಎಂದು ಅವನೂ ನಾನೂ ಒಪ್ಪಿಕೊಂಡೆವು.

ಆ ದಿನವನ್ನು ನೀವು ಹೇಗೆ ನೆನಪಿಟ್ಟುಕೊಂಡಿದ್ದೀರೋ. ನನಗಂತೂ ಅದು ನಡೆದ ಹಾಗೆ ನೆನಪಾಗುವುದಿಲ್ಲ. ಯಾರೋ ನಿದ್ದೆಯಲ್ಲಿ ಹೇಳಿದ ಹಾಗೆ ನೆನಪಾಗುತ್ತದೆ. ಬೆಳಗಿನ ಐದೂವರೆಗೆ ಬುಡದಲ್ಲಿ ನಿಂತಾಗ ಇಡೀ ಗೋಡೆ ಗುಲಾಬಿ ಬಣ್ಣದಲ್ಲಿತ್ತು, ನಡುವೆ ಆ ನೇರ ಕಪ್ಪು ಗೆರೆ. ಅಜ್ಜಿಯೊಬ್ಬಳು ಎಣ್ಣೆ ಹಚ್ಚಿ ತೆಗೆದ ಬೈತಲೆ, ಹೆಸರಿಟ್ಟವರ ಕಣ್ಣಿಗೆ ದೃಷ್ಟಿ ತಾಗಬೇಕು. ಮೊದಲ ಹಗ್ಗದಲ್ಲಿ ಬಿರುಕು ಮುಷ್ಟಿಯಗಲ. ಎರಡು, ಮೂರು, ನಾಲ್ಕನೆಯದರಲ್ಲಿ ಅಂಗೈಯಗಲ. ನಾನು ಕೈ ಸಿಕ್ಕಿಸಿ, ಕಾಲು ತಿರುಚಿ ಸಿಕ್ಕಿಸಿ, ಏಳುತ್ತಾ ಹೋದೆ. ನೀವು ಹಿಂದೆ ಬರುತ್ತಾ ಬಂದಿರಿ. ಅರವತ್ನಾಲ್ಕು ವರ್ಷದವರು ನೀವು, ಕಟ್ಟೆಯ ಅಂಚಿನ ಮೇಲೆ ತಲೆ ಕಾಣಿಸಿಕೊಂಡಾಗಲೆಲ್ಲ ಮುಖದಲ್ಲಿ ಶಾಲೆ ತಪ್ಪಿಸಿ ಬಂದವಳ ಖುಷಿ. ಹಕ್ಕಿಗಳು ನಮ್ಮ ಕೆಳಗೆ ಹಾರುತ್ತಿದ್ದವು. ಅವುಗಳ ಬೆನ್ನು ನೋಡಿದ್ದು ನಾನು ಅದೇ ಮೊದಲು.

ನಾಲ್ಕನೇ ಕಟ್ಟೆಯಲ್ಲಿ ನಿಂತಿದ್ದಾಗ ಮೋಡ ಬಂತು. ಸದ್ದಿಲ್ಲದೆ ಕಣಿವೆಯಿಂದ ಏರಿ ಮೊದಲು ಕಾಡನ್ನು ತೆಗೆದುಕೊಂಡಿತು, ಆಮೇಲೆ ರಸ್ತೆಯನ್ನು, ಆಮೇಲೆ ನಮ್ಮ ಬೂಟುಗಳನ್ನು. ಇಳಿಯೋಣವೇ ಎಂದು ಕೇಳಿದೆ. ನೀವು ಬಂಡೆಗೆ ಕೈಯಿಟ್ಟು ನೋಡಿ ಇನ್ನೂ ಒಣಗಿದೆ ಅಂದಿರಿ. ಐದನೇ ಹಗ್ಗಕ್ಕೆ ಹೊರಟೆ. ಅಲ್ಲಿ ಬಿರುಕು ಬೆರಳಿನಷ್ಟು ಸಪೂರವಾಗುತ್ತದೆ, ಅದರ ಮೇಲೆ ಬಂಡೆ ಹೊಟ್ಟೆ ಮುಂದೆ ಮಾಡಿ ನಿಂತಿದೆ. ಹತ್ತು ಅಡಿ ಹೋಗುವಷ್ಟರಲ್ಲಿ ನೀವು ಕಾಣದಾದಿರಿ. ನನ್ನ ಸೊಂಟದಿಂದ ಹೊರಟ ಹಗ್ಗ ಬಿಳುಪಿನೊಳಗೆ ಇಳಿದು ಎಲ್ಲೋ ಮುಗಿಯುತ್ತಿತ್ತು. ಮುಂದೆ ಮೊಳದಗಲದಷ್ಟು ಕಲ್ಲು, ಉಳಿದದ್ದೆಲ್ಲ ಹಾಲು.

ಆ ಹೊಟ್ಟೆಯ ಮೇಲೆ ನನ್ನ ಬಲಗಾಲು ಜಾರಿತು. ಕಲ್ಲು ಅಷ್ಟರಲ್ಲಿ ಬೆವರಿತ್ತು. ಬೆರಳು ಬಿರುಕಿನಿಂದ ಕಿತ್ತು ಬಂದವು. ಬೀಳುವಾಗ ಮೇಲಿನ ಕ್ಯಾಮ್ ಕಳಚಿದ ‘ಟಿಕ್’ ಕೇಳಿಸಿತು, ಅಷ್ಟೇ. ಎರಡನೆಯದು ಹಿಡಿಯಿತು. ಹಗ್ಗ ಬಿಗಿಯಿತು, ಹಿಗ್ಗಿತು, ನಾನು ಬಿಳುಪಿನ ನಡುವೆ ತೂಗತೊಡಗಿದೆ.

ಹೇಳಲು ನಾಚಿಕೆಯಾಗುತ್ತದೆ ಅತ್ತೆ, ಆ ಗಳಿಗೆ ನನಗೆ ಭಯವಾಗಲಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಯಾರೋ ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ಹೋಗುತ್ತಿದ್ದೆ. ನಾನು ಯಾರ ಹೆಂಡತಿ, ಯಾರ ಸೊಸೆ, ನಾಳೆ ಯಾವ ಮನೆಯಲ್ಲಿ ಏಳುತ್ತೇನೆ, ಯಾವುದೂ ಅಲ್ಲಿಗೆ ಬಂದಿರಲಿಲ್ಲ. ಇಲ್ಲೇ ಇದ್ದುಬಿಡಬಹುದಲ್ಲ ಅನ್ನಿಸಿತು. ನಿಮ್ಮ ದನಿ ಬರದಿದ್ದರೆ ಎಷ್ಟು ಹೊತ್ತು ಹಾಗೆಯೇ ಇರುತ್ತಿದ್ದೆನೋ.

ಪ್ಲಾಸ್ಟರ್ ಕೋಣೆಯ ಅದೇ ದನಿ. ‘ಬೆರಳು ಆಡಿಸು. ಎಷ್ಟಿದಾವೆ, ಎಣಿಸಿ ಹೇಳು.’

ಗಟ್ಟಿಯಾಗಿ ಎಣಿಸಿದೆ. ‘ಹತ್ತು’ ಅಂದೆ.

‘ಹಾಗಾದ್ರೆ ಹತ್ತು’ ಅಂದಿರಿ.

ಮೋಡದೊಳಗೆ ನಾನು ಒಬ್ಬಳೇ ಎಷ್ಟು ನಕ್ಕೆ! ನಗುತ್ತಲೇ ಬಿರುಕಿಗೆ ಕೈ ಹಾಕಿದೆ. ಎರಡನೇ ಸಲ ಆ ಹೊಟ್ಟೆ ದಾಟಿದ್ದು ಹೇಗೆ ಎಂದು ನನ್ನ ಕೈಗಳಿಗೆ ಮಾತ್ರ ಗೊತ್ತು.

ಕಟ್ಟೆ ಸಿಕ್ಕಿತು, ನನ್ನನ್ನು ಕಟ್ಟಿಕೊಂಡೆ, ಹಗ್ಗ ಎಳೆದುಕೊಳ್ಳತೊಡಗಿದೆ. ನೀವು ಬಹಳ ನಿಧಾನವಾಗಿ ಬರುತ್ತಿದ್ದಿರಿ. ಒಂದು ಅಡಿ, ನಿಲುಗಡೆ. ಅರ್ಧ ಅಡಿ, ನಿಲುಗಡೆ. ಕೂಗಿದರೆ ಉತ್ತರವಿಲ್ಲ. ಹಗ್ಗದ ಮೂಲಕ ನಿಮ್ಮ ಉಸಿರಾಟ ನನ್ನ ಅಂಗೈಗೆ ಬರುತ್ತಿದೆ ಅನ್ನಿಸುತ್ತಿತ್ತು. ಆಮೇಲೆ ಬಿಳುಪಿನಿಂದ ಮೇಲೆದ್ದ ಹಗ್ಗದ ಮೇಲೆ ಕೆಂಪು ಕಲೆ ಕಾಣಿಸಿತು. ಒಂದು ಗೇಣಿನುದ್ದ ರಕ್ತ. ಅದನ್ನು ನೋಡುತ್ತಾ, ಮುಟ್ಟುತ್ತಾ, ಹಗ್ಗ ಎಳೆಯುವುದನ್ನು ನಿಲ್ಲಿಸದೆ, ನಾನು ಕಾದ ಹೊತ್ತನ್ನು ಯಾವ ಗಡಿಯಾರದಲ್ಲೂ ಅಳೆಯಲಾಗದು.

ನೀವು ಬಂದಿರಿ. ಸೊಂಟದ ಪಟ್ಟಿಯಲ್ಲಿ ಕ್ಯಾಮ್‌ಗಳೆಲ್ಲ ಅಳತೆಯ ಪ್ರಕಾರ ಸಾಲಾಗಿ ತೂಗುತ್ತಿದ್ದವು. ‘ಒಂದೂ ಬಿಟ್ಟಿಲ್ಲ, ನೋಡ್ಕೋ’ ಎಂದು ಅದನ್ನೇ ಮೊದಲು ಹೇಳಿದಿರಿ. ಬಲ ಅಂಗೈಯ ಚರ್ಮ ಸುಟ್ಟು ಸುಲಿದಿತ್ತು. ಒದ್ದೆ ಹಗ್ಗ ಕೈಗೆ ಸರಿಯಾಗಿ ತಿಳಿಯಲಿ ಎಂದು ಕೈಗವಸು ತೆಗೆದಿದ್ದಿರಂತೆ. ನಾನು ಬಿದ್ದಾಗ ಅದು ಮುಷ್ಟಿಯೊಳಗೆ ಒಂದು ಗೇಣು ಜಾರಿತು, ಆದರೂ ನೀವು ಬಿಡಲಿಲ್ಲ. ಆ ಕೈಯನ್ನು ಬಿರುಕಿಗೆ ತುರುಕುತ್ತಾ ಇಡೀ ಹಗ್ಗ ಹತ್ತಿ ಬಂದಿದ್ದಿರಿ. ಟೇಪು ಸುತ್ತಲು ಹೋದೆ. ಹಾಗಲ್ಲ, ಹೀಗೆ ಎಂದು ನೀವು ಸುತ್ತುವುದನ್ನು ತಿದ್ದುತ್ತಿದ್ದಿರಿ. ಆಗ ತಡೆಯಲಾಗಲಿಲ್ಲ. ‘ಅತ್ತೆ, ನಾವಿಬ್ರೂ ಬೇರೆ ಆಗ್ತಿದೀವಿ’ ಅಂದುಬಿಟ್ಟೆ.

ನೀವು ತಲೆ ಎತ್ತಲಿಲ್ಲ. ‘ಗೊತ್ತು. ಅವ್ನು ಹೋದ ತಿಂಗಳೇ ಹೇಳ್ದ. ಅವಳಾಗಿ ಹೇಳೋ ತನಕ ಬಾಯಿ ಬಿಡಬೇಡಮ್ಮ, ಬೈತಲೆ ತಪ್ಪಿ ಹೋಗುತ್ತೆ ಅಂದ’ ಅಂದಿರಿ.

ಅವನು ನನಗೂ ಅದನ್ನು ಹೇಳಿರಲಿಲ್ಲ. ನಾವು ಮೂವರೂ ಒಬ್ಬರಿಗೊಬ್ಬರು ಬಾಯಿಗೆ ಬೀಗ ಹಾಕಿಕೊಂಡು ಆ ಬೆಳಗ್ಗೆ ವ್ಯಾನಿನಲ್ಲಿ ಹವಾಮಾನದ ಬಗ್ಗೆ ಮಾತಾಡಿಕೊಂಡು ಬಂದಿದ್ದೆವು.

ಆಮೇಲೆ ನೀವು ಹೇಳಿದಿರಿ, ಅದೇ ಕಟ್ಟೆಯ ಕೆಳಗಿನ ಆ ಹೊಟ್ಟೆಯವರೆಗೆ ಮೂವತ್ತೆರಡು ವರ್ಷದ ಹಿಂದೆ ಬಂದಿದ್ದನ್ನು. ಎಕ್ಸ್‌ರೇ ಕೋಣೆಯ ಗೆಳತಿ ಕೆಳಗೆ ಹಗ್ಗ ಹಿಡಿದಿದ್ದರು. ನೀವು ಮುಂದೆ. ಮೈಯಲ್ಲಿ ಕಸುವಿತ್ತು, ಬಿಸಿಲಿತ್ತು, ಇನ್ನೆರಡು ಮಾರು ಏರಿದ್ದರೆ ದಾಟುತ್ತಿದ್ದಿರಿ. ಆಗ ಬುಡದ ಮರದಡಿ ಬಿಟ್ಟುಬಂದಿದ್ದ ನಾಲ್ಕು ವರ್ಷದ ಮಗ, ಅಜ್ಜಿಯ ಸೊಂಟದ ಮೇಲಿಂದ, ‘ಅಮ್ಮಾ’ ಎಂದು ಕೂಗಿದ. ಒಂದೇ ಸಲ. ನೀವು ಇಳಿದುಬಿಟ್ಟಿರಿ. ಅವನು ಕೂಗಿದ್ದು ಹಕ್ಕಿ ತೋರಿಸಲಿಕ್ಕೆ ಎಂದು ಕೆಳಗೆ ಬಂದ ಮೇಲೆ ಗೊತ್ತಾಯಿತಂತೆ.

ಅದನ್ನು ಹೇಳಿ ಕೇಳಿದಿರಿ. ‘ಆಗ ಅವನಿಗೋಸ್ಕರ ಇಳಿದೆ. ಈಗ ಅವನ ಹೆಂಡತೀನೇ ಕಿತ್ಕೊಂಡು ಹತ್ತಿದೆ. ನಿಮ್ಮಿಬ್ರ ಮಧ್ಯೆ ಬಂದವಳು ನಾನೇನಾ?’

‘ಇಲ್ಲ’ ಅಂದೆ.

ಉಳಿದ ಎರಡು ಹಗ್ಗಗಳನ್ನೂ ಹತ್ತಿದೆವು. ಮೋಡದಿಂದ ತಲೆ ಹೊರಗೆ ಹಾಕಿದಾಗ ಮೇಲೆ ಬರಿಯ ನೀಲಿ, ಕೆಳಗೆ ಕಣ್ಣು ಹರಿಯುವವರೆಗೂ ಬಿಳಿಯ ಬಯಲು, ಅದರ ಮೇಲೆ ನಮ್ಮ ಬಂಡೆಯ ನೆರಳು ಮಲಗಿತ್ತು. ನೆತ್ತಿ ಮುಟ್ಟಿದ ನೀವು ಬೂಟು ಬಿಚ್ಚಿ, ಬಿಸಿ ಕಲ್ಲಿನ ಮೇಲೆ ಮಗ್ಗುಲಾಗಿ, ನಿದ್ದೆ ಹೋದಿರಿ. ನಾನು ಪಕ್ಕದಲ್ಲಿ ನಿಮ್ಮ ಮುಖದ ಮೇಲೆ ಬಿಸಿಲು ಬೀಳದ ಹಾಗೆ ಅಡ್ಡ ಕೂತಿದ್ದೆ. ಮೂವತ್ತೆರಡು ವರ್ಷ ಬಯಸಿದ್ದು ಕೈಗೆ ಸಿಕ್ಕ ದಿನ ನೀವು ಅದನ್ನು ನೋಡಲೂ ಇಲ್ಲ, ಕಣ್ಣು ಮುಚ್ಚಿಕೊಂಡಿರಿ. ನಿಮ್ಮ ರೆಪ್ಪೆ ಒದ್ದೆಯಾಗಿತ್ತು.

ಹಿಂದಿನ ಕಾಲುದಾರಿಯಲ್ಲಿ ಇಳಿದು ಬಂದಾಗ ಅವನು ವ್ಯಾನಿನ ಹೊರಗೆ ನಿಂತಿದ್ದ. ನಿಮ್ಮ ಕೈ ನೋಡಿದ. ನೀರು ಸುರಿದ, ಬಟ್ಟೆ ಸುತ್ತಿದ. ನೀವು ಅವನ ತಲೆ ಮುಟ್ಟಲು ಎಡಗೈ ಎತ್ತಿ, ಅರ್ಧಕ್ಕೇ ಇಳಿಸಿದಿರಿ. ಅಂದಿನಿಂದ ನೀವು ನಮ್ಮಿಬ್ಬರ ಜೊತೆಗೂ ಮಾತಾಡಿಲ್ಲ.

ಈಗ ನಿಜ ಹೇಳುತ್ತೇನೆ.

ಹೌದು ಅತ್ತೆ. ನಮ್ಮಿಬ್ಬರ ಮಧ್ಯೆ ನೀವಿದ್ದಿರಿ. ಆದರೆ ನೀವಾಗಿ ಬಂದದ್ದಲ್ಲ, ನಿಮ್ಮನ್ನು ಎಳೆದು ತಂದು ಅಲ್ಲಿ ನಿಲ್ಲಿಸಿದವಳು ನಾನು. ಮೂರು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ, ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಇವತ್ತು ಹೋಗ್ಬೇಡ್ವೇ. ಸುಮ್ನೆ ಮನೇಲಿರೋಣ, ನಿನ್ನ ಜೊತೆ ಒಂಚೂರು ಮಾತಾಡ್ಬೇಕು’ ಅಂದ. ಅಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೊಂದೇ ಸಲ. ನಾನು ‘ಅತ್ತೆ ಕಾಯ್ತಿರ್ತಾರೆ’ ಅಂದೆ. ಆ ದಿನ ನೀವು ಕಾಯುತ್ತಿರಲಿಲ್ಲ. ಹಿಂದಿನ ಸಂಜೆಯೇ ಫೋನ್ ಮಾಡಿ ಮಳೆ ಬರುವ ಹಾಗಿದೆ, ಬೇಡ ಅಂದಿದ್ದಿರಿ. ನಾನು ಒಬ್ಬಳೇ ಬಸ್ಸಿನಲ್ಲಿ ಬಂಡೆಯವರೆಗೆ ಹೋಗಿ, ಅದರ ಚಾಚಿನ ಕೆಳಗೆ ಮಳೆ ನೋಡುತ್ತಾ ಕೂತೆ. ಅವನ ಹತ್ತಿರ ಮಾತಾಡಲು ನನಗೆ ಭಯವಿತ್ತು. ಅವನು ಏನು ಕೇಳುತ್ತಾನೋ, ನಾನು ಏನು ಉತ್ತರಿಸಬೇಕಾಗುತ್ತದೋ ಎಂಬ ಭಯ. ಇನ್ನೂರು ಅಡಿ ಎತ್ತರದಲ್ಲಿ ಬಾರದ ಭಯ ನನಗೆ ನಮ್ಮ ಅಡುಗೆಮನೆಯಲ್ಲಿ ಬರುತ್ತಿತ್ತು.

ಅದಾದ ಮೇಲೆ ನಿಮ್ಮ ಹೆಸರನ್ನು ಎಷ್ಟು ಸಲ ಹಾಗೆ ಬಳಸಿದೆನೋ. ಅತ್ತೆಗೆ ಹುಷಾರಿಲ್ಲ, ಅತ್ತೆ ಒಬ್ಬರೇ ಇದ್ದಾರೆ, ಅತ್ತೆ ಬರಹೇಳಿದ್ದಾರೆ. ನೀವು ಕರೆದ ಭಾನುವಾರಗಳಿಗಿಂತ ನಾನು ಹುಟ್ಟಿಸಿಕೊಂಡ ಭಾನುವಾರಗಳೇ ಹೆಚ್ಚಿರಬೇಕು. ಅವನು ಪ್ರತಿ ಸಲವೂ ‘ಸರಿ, ಹುಷಾರು’ ಅನ್ನುತ್ತಿದ್ದ. ಈ ಫೆಬ್ರವರಿಯಲ್ಲಿ ಎಲ್ಲವನ್ನೂ ಅವನಿಗೆ ಹೇಳಿ ಕ್ಷಮೆ ಕೇಳಿದೆ. ಜೂನ್ ತಿಂಗಳ ಆ ಭಾನುವಾರ ಮಧ್ಯಾಹ್ನ ನೀವು ಅವನಿಗೆ ಫೋನ್ ಮಾಡಿದ್ದಿರಂತೆ, ಮಿಕ್ಸಿ ಕೆಟ್ಟಿದೆ ಎಂದು. ಹಾಗಾಗಿ ಅವನಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಬಸ್ ಸ್ಟ್ಯಾಂಡಿಗೆ ಛತ್ರಿ ತಂದಿದ್ದ.

ನಾವು ಬೇರೆಯಾದದ್ದು ಸರಿಯೇ. ಅದರಲ್ಲಿ ನನಗೆ ಅನುಮಾನವಿಲ್ಲ, ಅವನಿಗೂ ಇಲ್ಲ. ಈಚೆಗೆ ಅವನ ಮುಖದಲ್ಲಿ ಮೊದಲ ದಿನದ ಆ ನಗು ಆಗಾಗ ಕಾಣುತ್ತದೆ. ನನ್ನ ಹೊಸ ಕೋಣೆ ಬಟ್ಟೆ ಒಗೆಯುವ ಅಂಗಡಿಯ ಮೇಲೆ. ದಿನವಿಡೀ ಕೆಳಗಿನಿಂದ ಸೋಪಿನ ವಾಸನೆಯ ಬಿಸಿ ಗಾಳಿ ಏರಿ ಬರುತ್ತದೆ, ಕಿಟಕಿ ಮಂಜಾಗುತ್ತದೆ. ಆ ಬಿಳುಪನ್ನು ನೋಡುತ್ತಾ ಕೂತಾಗ ನನಗೆ ಅನ್ನಿಸುವುದು ಇಷ್ಟೇ. ನೀವು ನನ್ನಿಂದ ಏನನ್ನೂ ಕಿತ್ತುಕೊಂಡಿಲ್ಲ, ನಿಮ್ಮ ಮಗನಿಂದಲೂ ಕಿತ್ತುಕೊಂಡಿಲ್ಲ. ನಾನು ನಿಮ್ಮ ಹಿಂದೆ ಅಡಗಿಕೊಂಡೆ, ನಿಮಗೆ ಗೊತ್ತೇ ಆಗದ ಹಾಗೆ. ಅದರ ಭಾರವನ್ನು ನೀವು ಹೊತ್ತುಕೊಂಡು ಬಾಗಿಲು ಹಾಕಿಕೊಂಡು ಕೂತರೆ, ನಾನು ಮತ್ತೊಮ್ಮೆ ನಿಮ್ಮ ಹಿಂದೆ ಅಡಗಿದ ಹಾಗಾಗುತ್ತದೆ. ದಯವಿಟ್ಟು ಆ ಕೆಲಸ ಮಾಡಿಸಬೇಡಿ.

ನನ್ನನ್ನು ಬೈಯಿರಿ. ಬಾಗಿಲು ತೆರೆದು ಬೈಯಿರಿ. ಕೈಗೆ ಹಚ್ಚುವ ಮುಲಾಮು ಮುಗಿದಿರಬೇಕು, ಮಡಚುವ ವ್ಯಾಯಾಮ ಬಿಟ್ಟಿದ್ದರೆ ಚರ್ಮ ಬಿಗಿದುಕೊಳ್ಳುತ್ತದೆ. ನಾನು ನಿಮಗೆ ಹೇಳಿಕೊಡಬೇಕೇ?

ಎಂದೆಂದಿಗೂ ನಿಮ್ಮವಳೇ ಆದ,
ಕನ್ನಡಕದ ಅಂಗಡಿಯವಳು

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದು ಎಂದು ಅವನು ಆಣೆ ಹಾಕಿಸಿಕೊಂಡಿದ್ದ. ಕಳೆದ ಮೂರು ಶನಿವಾರದಿಂದ ನಿಮ್ಮ ಮಗ ನನ್ನ ಜೊತೆ ಚಿಕ್ಕ ಬಂಡೆಗೆ ಬರುತ್ತಿದ್ದಾನೆ. ಹಗ್ಗ ಹಿಡಿಯುವುದನ್ನು ಕಲಿಸು ಎಂದು ಅವನೇ ಕೇಳಿದ. ನೀವು ಇನ್ನು ಹಗ್ಗ ಹಿಡಿಯಲಾರಿರಿ, ಆದರೆ ಯಾರಾದರೂ ಹಿಡಿದರೆ ಸುಲಭದ್ದನ್ನು ಹತ್ತಬಲ್ಲಿರಿ ಎಂದು ಅವನ ಲೆಕ್ಕ. ಮೊದಲ ದಿನ ನಾನು ಆರು ಅಡಿ ಏರುವಷ್ಟರಲ್ಲಿ ಅವನಿಗೆ ವಾಂತಿಯಾಯಿತು. ಎರಡನೇ ವಾರ ಕಣ್ಣು ಮುಚ್ಚಿಕೊಂಡು ಹಿಡಿದ. ಫ್ರಿಜ್ಜಿನ ಸದ್ದು ಕೇಳುವವನ ಹಾಗೆ ಹಗ್ಗವನ್ನು ಕೇಳಿಸಿಕೊಳ್ಳುತ್ತಿದ್ದ. ನಿನ್ನೆ ಬೇಕೆಂದೇ ಹೇಳದೆ ಬಿದ್ದು ನೋಡಿದೆ. ಹಿಡಿದ, ಅತ್ತೆ. ಬರುವ ಭಾನುವಾರ ಬೆಳಗ್ಗೆ ಮಿಕ್ಸಿ ನೋಡುವ ನೆಪದಲ್ಲಿ ನಿಮ್ಮ ಬಾಗಿಲು ತಟ್ಟುತ್ತಾನೆ. ನಿಮಗೆ ಏನೂ ಗೊತ್ತಿಲ್ಲದ ಹಾಗೆ ಇರಿ, ಆದರೆ ಬೂಟು ಹಾಕಿಕೊಂಡಿರಿ.